ಫೆರ್ರಿಬೊತ್ತೆಯ ಮುಖ ಯಾರದು, ದನಿ ಯಾರದು?

ಇಂಟರ್ನಲ್ಸ್ ಮುಗಿದ ರಾತ್ರಿ ನಾವು ನಾಲ್ಕು ಜನ ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು 1958ರ ಒಂದು ಇಟಾಲಿಯನ್ ಸಿನಿಮಾ ನೋಡಿದೆವು. ಹೆಸರು 'ಇ ಸೊಲಿತಿ ಇನ್ಯೋತಿ', ಅಂದ್ರೆ 'ಅದೇ ಹಳೇ ಅಪರಿಚಿತರು'. ಕಳ್ಳರು ಸಿಗದಿದ್ದಾಗ ಅಲ್ಲಿನ ಪತ್ರಿಕೆಗಳು ಬರೆಯುತ್ತಿದ್ದ ಮಾತಂತೆ. ನಿರ್ದೇಶಕ ಮಾರಿಯೋ ಮೊನಿಚೆಲ್ಲಿ. ಕಪ್ಪು ಬಿಳುಪು ಸಿನಿಮಾ, ಸಬ್‌ಟೈಟಲ್ ಓದಬೇಕು, ಆದರೂ ಯಾರಿಗೂ ನಿದ್ದೆ ಬರಲಿಲ್ಲ.

ಕಥೆ ಸರಳ. ರೋಮ್ ನಗರದ ಕೆಲವು ಬಡ ಚಿಲ್ಲರೆ ಕಳ್ಳರು ಒಂದು ಗಿರವಿ ಅಂಗಡಿಯ ತಿಜೋರಿಗೆ ಕನ್ನ ಹಾಕಲು ಹೊರಡುತ್ತಾರೆ. ಪಕ್ಕದ ಫ್ಲಾಟಿಗೆ ನುಗ್ಗಿ ಅಲ್ಲಿಂದ ಗೋಡೆ ಒಡೆಯೋದು ಪ್ಲಾನ್. ಕಷ್ಟಪಟ್ಟು ಗೋಡೆ ಒಡೆದರೆ ಆಚೆ ಕಡೆ ಇರೋದು ಗಿರವಿ ಅಂಗಡಿ ಅಲ್ಲ, ಅದೇ ಫ್ಲಾಟಿನ ಅಡುಗೆಮನೆ! ಕೊನೆಗೆ ಅಲ್ಲಿದ್ದ ಪಾಸ್ತಾ ಮತ್ತು ಕಡಲೆಕಾಳಿನ ಅಡುಗೆ ತಿಂದು ಹೊರಡುತ್ತಾರೆ. ಸೈಟ್ ಸರ್ವೇ ಸರಿಯಾಗಿ ಮಾಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಸಿವಿಲ್ ಬ್ರಾಂಚಿನವರು ಇದನ್ನೇ ಉದಾಹರಣೆ ಕೊಡಬಹುದು.

ಈ ಸಿನಿಮಾದಲ್ಲಿ ವಿತ್ತೋರಿಯೋ ಗಾಸ್‌ಮನ್, ಮಾರ್ಚೆಲ್ಲೋ ಮಾಸ್ತ್ರೊಯಾನ್ನಿ, ತೊತೊ ಇದ್ದಾರೆ, ಎಲ್ಲರೂ ದೊಡ್ಡ ಹೆಸರುಗಳು. ಆದರೆ ನಮ್ಮನ್ನು ಹೆಚ್ಚು ನಗಿಸಿದ್ದು ಒಂದು ಪೋಷಕ ಪಾತ್ರ. ತೆಳ್ಳಗಿನ ಮೈ, ಕಪ್ಪು ಮೀಸೆ, ಒಂದಿಷ್ಟೂ ನಗದ ಮುಖ. ತಂಗಿಯನ್ನು ಮನೆಯೊಳಗೆ ಕೂಡಿಹಾಕಿ ಕಾಯುವ ಸಿಸಿಲಿಯ ಅಣ್ಣ. ಅವನ ಅಡ್ಡಹೆಸರು ಫೆರ್ರಿಬೊತ್ತೆ. ಇದು ಇಂಗ್ಲಿಷಿನ 'ಫೆರಿ ಬೋಟ್' ಅನ್ನೋ ಪದ ಸಿಸಿಲಿಯವರ ಬಾಯಲ್ಲಿ ಆದ ರೂಪ. ಸಿಸಿಲಿ ದ್ವೀಪಕ್ಕೂ ಇಟಲಿಯ ನೆಲಕ್ಕೂ ಮಧ್ಯೆ ಮೆಸ್ಸಿನಾ ಜಲಸಂಧಿ ಇದೆ, ಅಲ್ಲಿ ರೈಲಿನ ಬೋಗಿಗಳನ್ನೇ ಹಡಗಿಗೆ ಹತ್ತಿಸಿ ದಾಟಿಸುತ್ತಾರೆ. ಹೆಸರು ಕೇಳಿದ ಕೂಡಲೇ ಇವನು ಆ ಕಡೆಯವನು ಅಂತ ಇಟಲಿಯವರಿಗೆ ಗೊತ್ತಾಗುತ್ತಿತ್ತು.

ಸಿನಿಮಾ ಮುಗಿದ ಮೇಲೆ ಈ ನಟ ಯಾರು ಅಂತ ಹುಡುಕಿದೆವು. ಆಗ ಗೊತ್ತಾದ ವಿಷಯವೇ ಈ ಲೇಖನ.

ಗಣಿಯಿಂದ ಸಿನಿಮಾಕ್ಕೆ

ನಟನ ಹೆಸರು ತಿಬೇರಿಯೋ ಮುರ್ಜಾ. 1929ರಲ್ಲಿ ಒರಿಸ್ತಾನೊ ಎಂಬ ಊರಲ್ಲಿ ಹುಟ್ಟಿದರು. ಒರಿಸ್ತಾನೊ ಇರೋದು ಸಿಸಿಲಿಯಲ್ಲಿ ಅಲ್ಲ, ಸಾರ್ಡಿನಿಯಾದಲ್ಲಿ. ಅದು ಬೇರೆಯದೇ ದ್ವೀಪ, ಅಲ್ಲಿನ ಭಾಷೆಯೂ ಬೇರೆ.

ಯುದ್ಧ ಮುಗಿದಾಗ ಇಟಲಿಯಲ್ಲಿ ಕೆಲಸ ಇರಲಿಲ್ಲ, ಕಲ್ಲಿದ್ದಲೂ ಇರಲಿಲ್ಲ. 1946ರಲ್ಲಿ ಇಟಲಿ ಮತ್ತು ಬೆಲ್ಜಿಯಂ ಒಂದು ಒಪ್ಪಂದ ಮಾಡಿಕೊಂಡವು. ಇಟಲಿ ಕೆಲಸಗಾರರನ್ನು ಕಳಿಸಬೇಕು, ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. ಹೀಗೆ ಸಾವಿರಾರು ಯುವಕರು ಬೆಲ್ಜಿಯಂ ಗಣಿಗಳಿಗೆ ಹೋದರು. ಮಾರ್ಸಿನೆಲ್ ಎಂಬಲ್ಲಿ ಗಣಿ ಕೆಲಸ ಮಾಡಿದವರಲ್ಲಿ ಮುರ್ಜಾ ಕೂಡ ಒಬ್ಬರು. 1956ರ ಆಗಸ್ಟ್ 8ರಂದು ಅದೇ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಜನ ಸತ್ತರು. ಅವರಲ್ಲಿ 136 ಜನ ಇಟಲಿಯವರು.

ಆಮೇಲೆ ಮುರ್ಜಾ ರೋಮ್‌ನ ಒಂದು ಹೋಟೆಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಲ್ಲಿ ಮೊನಿಚೆಲ್ಲಿ ತಂಡದವರೊಬ್ಬರ ಕಣ್ಣಿಗೆ ಬಿದ್ದರು. ನಟನೆ ಕಲಿತಿರಲಿಲ್ಲ. ಆದರೆ ಆ ಮುಖ, ಆ ಗಂಭೀರ ನೋಟ ತಂಡಕ್ಕೆ ಬೇಕಾಗಿತ್ತು. ಸಾರ್ಡಿನಿಯಾದ ಹುಡುಗ ಹೀಗೆ ಸಿಸಿಲಿಯವನಾದ.

ದನಿ ಬೇರೆಯವರದು

ಒಂದು ನಿಮಿಷ ಇರಿ. ಸಾರ್ಡಿನಿಯಾದವರು ಸಿಸಿಲಿ ಶೈಲಿಯಲ್ಲಿ ಹೇಗೆ ಮಾತಾಡಿದರು? ಅವರು ಮಾತಾಡಲೇ ಇಲ್ಲ! ಪರದೆ ಮೇಲೆ ಕೇಳಿಸೋ ದನಿ ರೆನಾತೋ ಕೊಮಿನೆತ್ತಿ ಎಂಬ ನಟರದು.

ಆ ಕಾಲದ ಇಟಲಿಯಲ್ಲಿ ಇದು ಮಾಮೂಲಿ. ಶೂಟಿಂಗ್ ಆದ ಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುತ್ತಿದ್ದರು. ಫಿಲ್ಮನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಕೊನೆಯನ್ನು ಅದರ ಶುರುವಿಗೇ ಅಂಟಿಸಿ, ಬಳೆಯ ಹಾಗೆ ಮಾಡುತ್ತಿದ್ದರು. ಪ್ರೊಜೆಕ್ಟರಿನಲ್ಲಿ ಅದೇ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು, ತುಟಿಗೆ ಮಾತು ಸರಿಯಾಗಿ ಕೂರುವ ತನಕ ದನಿ ಕೊಡುವವರು ಹೇಳುತ್ತಿದ್ದರು. ಪ್ರೋಗ್ರಾಮಿಂಗ್‌ನಲ್ಲಿ ನಾವು ಬರೆಯೋ ಲೂಪ್ ತರವೇ. ಆ ತುಂಡುಗಳನ್ನು ಅವರು 'ಆನೆಲ್ಲಿ' ಅಂತಾರೆ, ಅಂದ್ರೆ ಉಂಗುರಗಳು.

ಇದೇ ಸಿನಿಮಾದಲ್ಲಿ ಇನ್ನೂ ಎರಡು ಉದಾಹರಣೆ ಇವೆ. ಸದಾ ಏನಾದರೂ ತಿನ್ನುತ್ತಲೇ ಇರುವ ಮುದುಕ ಕಪನ್ನೆಲ್ಲೆ ಆಡೋದು ಬೊಲೋನ್ಯಾ ಕಡೆಯ ಮಾತು. ಆದರೆ ಆ ನಟ ಕಾರ್ಲೋ ಪಿಸಾಕಾನೆ ನೇಪಲ್ಸ್‌ನವರು, ಮಾತು ಮಾತ್ರ ನೀಕೊ ಪೆಪೆ ಅವರದು. ಫೆರ್ರಿಬೊತ್ತೆಯ ತಂಗಿಯಾಗಿ ನಟಿಸಿದ ಕ್ಲೌಡಿಯಾ ಕಾರ್ಡಿನಾಲೆ ಹುಟ್ಟಿ ಬೆಳೆದದ್ದು ಟ್ಯುನೀಸಿಯಾದಲ್ಲಿ, ಕುಟುಂಬದ ಮೂಲ ಸಿಸಿಲಿ. ಅವರಿಗೂ ದನಿ ಕೊಟ್ಟದ್ದು ಬೇರೆಯವರು. ಅಂದ್ರೆ ನಾವು ಪರದೆ ಮೇಲೆ ನೋಡಿ ನಕ್ಕ ಸಿಸಿಲಿಯ ಅಣ್ಣ ತಂಗಿ ಇಬ್ಬರ ದನಿಯೂ ಅವರದಲ್ಲ.

ಲಾಭ ಏನು, ನಷ್ಟ ಏನು

ಹಾಗಾದ್ರೆ ಮುರ್ಜಾಗೆ ಮೋಸ ಆಯ್ತಾ? ಮೊದಲು ನಮಗೂ ಹಾಗೇ ಅನಿಸಿತು. ಆಮೇಲೆ ಇನ್ನೊಬ್ಬರ ಕಥೆ ಓದಿದೆವು. 1948ರ 'ಬೈಸಿಕಲ್ ಥೀವ್ಸ್' ಸಿನಿಮಾದ ನಾಯಕ ಲ್ಯಾಂಬೆರ್ತೋ ಮಜ್ಜೊರಾನಿ ಒಬ್ಬ ಕಾರ್ಖಾನೆ ಕೆಲಸಗಾರ. ಜಗತ್ತೇ ಆ ಸಿನಿಮಾ ಹೊಗಳಿತು. ಆದರೆ ಅವರ ಕಾರ್ಖಾನೆ ಕೆಲಸ ಹೋಯಿತು, ಸಿನಿಮಾದಲ್ಲೂ ಸಣ್ಣಪುಟ್ಟ ಪಾತ್ರ ಬಿಟ್ಟು ಹೆಚ್ಚೇನೂ ಸಿಗಲಿಲ್ಲ. ಮುರ್ಜಾ ಕಥೆ ಹಾಗಾಗಲಿಲ್ಲ. ಮರುವರ್ಷವೇ ಮೊನಿಚೆಲ್ಲಿ ಅವರ 'ಲಾ ಗ್ರಾಂದೆ ಗ್ವೆರ್ರಾ'ದಲ್ಲಿ ಸೈನಿಕನ ಪಾತ್ರ ಸಿಕ್ಕಿತು. ಆ ಸಿನಿಮಾ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪ್ರಶಸ್ತಿ ಹಂಚಿಕೊಂಡಿತು. ಕಳ್ಳರ ಕಥೆಯ ಮುಂದಿನ ಭಾಗದಲ್ಲೂ ಅವರಿದ್ದರು, 1985ರಲ್ಲಿ ಬಂದ ಮೂರನೇ ಭಾಗದಲ್ಲೂ ಇದ್ದರು. ಒಟ್ಟು ನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು. ಪಾತ್ರೆ ತೊಳೆಯುತ್ತಿದ್ದ ಕೈಗೆ ಜೀವನವಿಡೀ ಅನ್ನ ಸಿಕ್ಕಿತು. ಇದನ್ನು ಸಣ್ಣದು ಅನ್ನೋಕೆ ನಮಗೆ ಹಕ್ಕಿಲ್ಲ.

ಆದರೆ ಆ ಅನ್ನಕ್ಕೆ ಒಂದು ಷರತ್ತಿತ್ತು. ಹೆಚ್ಚಿನ ಪಾತ್ರಗಳಲ್ಲಿ ಅವರು ಮತ್ತೆ ಮತ್ತೆ ಅದೇ ಸಿಸಿಲಿಯವನು. ಹೊಟ್ಟೆಕಿಚ್ಚು, ಮಾನ ಮರ್ಯಾದೆ, ನಗದ ಮುಖ. ಈ ನಗುವಿನ ಹಿಂದೆ ನಿಜವಾದ ನೋವೂ ಇತ್ತು. ಮನೆಯ ಹೆಣ್ಣಿನ 'ಮಾನ'ದ ಹೆಸರಲ್ಲಿ ಕೊಲೆ ಮಾಡಿದವರಿಗೆ ಇಟಲಿಯ ಕಾನೂನೇ ಶಿಕ್ಷೆ ಕಡಿಮೆ ಮಾಡುತ್ತಿತ್ತು. ಆ ಕಲಮು ರದ್ದಾದದ್ದು 1981ರಲ್ಲಿ. ಫೆರ್ರಿಬೊತ್ತೆಯನ್ನು ನೋಡಿ ನಕ್ಕವರು ಆ ಪದ್ಧತಿಯನ್ನು ನೋಡಿಯೂ ನಕ್ಕರು, ಅದು ಒಳ್ಳೇದೇ. ಆದರೆ ಅದೇ ನಗು ಪದ್ಧತಿಯನ್ನು ಬಿಟ್ಟು ಇಡೀ ಸಿಸಿಲಿಯ ಜನರ ಕಡೆ ತಿರುಗೋಕೆ ಹೆಚ್ಚು ಹೊತ್ತು ಬೇಕಿಲ್ಲ.

2010ರ ಆಗಸ್ಟಿನಲ್ಲಿ, 81ನೇ ವಯಸ್ಸಿನಲ್ಲಿ ಮುರ್ಜಾ ತೀರಿಕೊಂಡರು.

ನಾವು ಕಲಿತದ್ದು

ಇಷ್ಟು ಓದಿ ಮುಗಿಸಿದಾಗ ನಮ್ಮ ನಾಲ್ವರಲ್ಲಿ ಒಬ್ಬ ಸುಮ್ಮನೆ ಕೂತಿದ್ದ. ಅವನು ಕಲಬುರಗಿ ಕಡೆಯವನು. ಹೋದ ವರ್ಷ ಫ್ರೆಶರ್ಸ್ ಡೇಗೆ ಸ್ಕಿಟ್ ಮಾಡಿದಾಗ ವಾಚ್‌ಮನ್ ಪಾತ್ರ ಅವನಿಗೇ ಕೊಟ್ಟಿದ್ದೆವು. ಎಥ್ನಿಕ್ ಡೇ ಸ್ಕಿಟ್‌ನಲ್ಲೂ ವಾಚ್‌ಮನ್ ಅವನೇ. 'ನಿನ್ ಸ್ಲ್ಯಾಂಗ್ ಕೇಳಿದ್ರೇ ಎಲ್ರೂ ನಗ್ತಾರೆ ಮಗಾ' ಅಂದಿದ್ದೆವು. ಅವನೂ ನಕ್ಕಿದ್ದ.

ಆ ರಾತ್ರಿ ಅವನು ಹೇಳಿದ್ದು ಒಂದೇ ಮಾತು: 'ಮುರ್ಜಾಗ ರೊಕ್ಕರ ಕೊಟ್ಟಾರ. ನೀವು ನಂಗ ಚಾನೂ ಕುಡಿಸಿಲ್ಲ.' ಎಲ್ಲರೂ ಜೋರಾಗಿ ನಕ್ಕೆವು. ಆದರೆ ಮಾತು ಒಳಗೆ ತಾಗಿತು. ನಾವು ಇಂಗ್ಲಿಷ್ ಮೀಡಿಯಂನವರು. ನಮ್ಮ ಕನ್ನಡ ಓದಿ ಯಾರಾದರೂ ನಕ್ಕರೆ ನಮಗೆ ಎಷ್ಟು ಬೇಜಾರಾಗುತ್ತೆ! ಅವನ ಕನ್ನಡ ಅವನ ಮನೆಯ ಮಾತು. ಅದನ್ನು ನಾವು ಬರೀ ನಗಿಸೋ ಸಾಮಾನು ಮಾಡಿಬಿಟ್ಟಿದ್ದೆವು.

ಈ ವರ್ಷದ ನಾಟಕದಲ್ಲಿ ಅವನದು ನ್ಯಾಯಾಧೀಶನ ಪಾತ್ರ. ಮಾತು ಕಲಬುರಗಿಯದೇ, ಒಂದು ಪದವನ್ನೂ ನಾವು ತಿದ್ದಿಲ್ಲ. ಬಂದು ನೋಡಿ. ಅದಕ್ಕೂ ಮೊದಲು ಸಮಯ ಸಿಕ್ಕರೆ ಆ ಕಳ್ಳರ ಸಿನಿಮಾನೂ ನೋಡಿ. ಫೆರ್ರಿಬೊತ್ತೆ ಬಂದಾಗ ಚೆನ್ನಾಗಿ ನಗಿ, ಆ ಮುಖದ ಹಿಂದೆ ಗಣಿಯಿಂದ ಬಂದ ಸಾರ್ಡಿನಿಯಾದ ಒಬ್ಬರಿದ್ದಾರೆ ಅನ್ನೋದನ್ನು ಮಾತ್ರ ಮರೀಬೇಡಿ. ಅಂದ ಹಾಗೆ, ಚಹಾ ಬಾಕಿ ಈಗ ತೀರಿಸಿದ್ದೇವೆ.