ತಿಂಗಳು ಮೊದಲು, ದ್ವೀಪ ಆಮೇಲೆ

ಪುಟ್ಟಿ, ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್, ಬಾಲಿ, ಶ್ರೀಲಂಕಾ; ಒಂದೊಂದರ ಮುಂದೆ ನಿನ್ನ ಗೆಳತಿಯರು ಹಾಕಿದ ವೋಟು. ಐದಕ್ಕೂ ಒಂದೇ ಥರದ ಫೋಟೊ: ನೀಲಿ ನೀರು, ಬಿಳಿ ಮರಳು, ಬಾಗಿ ನಿಂತ ತೆಂಗಿನಮರ. ಇದನ್ನು ನೋಡಿ ವೋಟು ಹಾಕುವುದಾದರೆ ಯಾವುದು ಗೆದ್ದರೂ ಒಂದೇ. ಯಾವ ತಿಂಗಳು ಹೋಗುವುದು ಅನ್ನುವುದಕ್ಕೆ ಮಾತ್ರ ಯಾರೂ ವೋಟು ಹಾಕಿಲ್ಲ. ಪಟ್ಟಿಯ ತುದಿಯಲ್ಲಿ ಸಣ್ಣದಾಗಿ ‘ದಸರಾ ರಜೆ’ ಅಂತ ಬರೆದಿದ್ದೀಯ, ಅಷ್ಟೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೈಸೂರಿನಲ್ಲಿ ಬೆಳೆದವರಿಗೆ ಮಳೆ ಅಂದರೆ ಮಧ್ಯಾಹ್ನ ಚಾಮುಂಡಿ ಬೆಟ್ಟದ ಹಿಂದೆ ಕಪ್ಪಿಟ್ಟು, ಸಂಜೆ ಸುರಿದು, ರಾತ್ರಿ ಊಟದ ಹೊತ್ತಿಗೆ ನಿಲ್ಲುವಂಥದ್ದು. ಕೊಡೆ ಇದ್ದರೆ ಆಯಿತು. ದ್ವೀಪದಲ್ಲಿ ಕಷ್ಟ ಕೊಡುವುದು ಮಳೆಗಿಂತ ಗಾಳಿ. ಗಾಳಿ ಎದ್ದರೆ ಕಡಲು ಏಳುತ್ತದೆ, ಕಡಲು ಎದ್ದರೆ ದೋಣಿ ಬಿಡುವುದಿಲ್ಲ, ನೀರು ಕದಡಿ ಒಳಗಿನ ಹವಳವೂ ಕಾಣುವುದಿಲ್ಲ. ಅಷ್ಟು ದುಡ್ಡು ಸುರಿದು ಹೋಗಿ ರೂಮಿನ ಕಿಟಕಿಯಲ್ಲಿ ಕೂತಿರಬೇಕಾಗುತ್ತದೆ. ಕಾರವಾರದಲ್ಲಿ ನೌಕರಿಯಲ್ಲಿದ್ದಾಗ ನೋಡಿದ್ದೇನೆ, ಕಡಲನ್ನೇ ನಂಬಿ ಬದುಕುವವರೂ ಮಳೆಗಾಲದಲ್ಲಿ ಅದರ ತಂಟೆಗೆ ಹೋಗುವುದಿಲ್ಲ, ದಡದಲ್ಲಿ ಕೂತು ಬಲೆ ಹೊಲಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರ್ಕಾರದ್ದೇ ನಿಷೇಧ ಇರುತ್ತದೆ. ಅದು ಮೀನು ಮೊಟ್ಟೆಯಿಡುವ ಕಾಲ ಹೌದು, ಕಡಲು ಸಿಟ್ಟಾಗಿರುವ ಕಾಲವೂ ಹೌದು.

ಈಗ ನಿನ್ನ ಪಟ್ಟಿಯನ್ನು ಅಕ್ಟೋಬರಿನ ಪಕ್ಕದಲ್ಲಿಟ್ಟು ನೋಡು. ಅಂಡಮಾನಿಗೆ ಎರಡು ಮಾರುತದ ಮಳೆ. ಮೇ ಮೂರನೇ ವಾರದ ಸುಮಾರಿಗೆ ನೈಋತ್ಯದ್ದು ಹಿಡಿಯುತ್ತದೆ, ಅದು ಬಿಡುವಷ್ಟರಲ್ಲಿ ಈಶಾನ್ಯದ್ದು ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚಾಗಿ ಏಳುವುದೂ ಅಕ್ಟೋಬರ್, ನವೆಂಬರಿನಲ್ಲೇ. ಅಲ್ಲಿ ಚೊಕ್ಕ ಕಾಲ ಅಂದರೆ ಜನವರಿಯಿಂದ ಏಪ್ರಿಲ್. ಶ್ರೀಲಂಕಾ ಇನ್ನೂ ತಮಾಷೆ, ಒಂದೇ ದ್ವೀಪಕ್ಕೆ ಎರಡು ಋತುಮಾನ: ಗಾಲೆ, ಬೆಂತೋಟದ ಕಡೆಯ ತೀರಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು, ಮೂಡಲ ತೀರದ ತ್ರಿಂಕೋಮಲಿಗೆ ಮೇಯಿಂದ ಸೆಪ್ಟೆಂಬರ್. ಅಕ್ಟೋಬರ್ ಎರಡಕ್ಕೂ ಸಲ್ಲದ ತಿಂಗಳು. ಮಾಲ್ಡೀವ್ಸ್‌ನಲ್ಲಿ ಒಣಹವೆ ಇರುವುದು ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಬಾಲಿ ಭೂಮಧ್ಯರೇಖೆಯ ಆಚೆಗಿದೆ, ನಮ್ಮ ಮಳೆಗಾಲ ಅವರಿಗೆ ಒಣಗಾಲ. ಈ ನಾಲ್ಕರಲ್ಲಿ ದಸರೆಗೆ ನೆಮ್ಮದಿಯಾಗಿ ಹೊಂದುವುದು ಅದೊಂದೇ. ಲಕ್ಷದ್ವೀಪದ ಲೆಕ್ಕ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಇನ್ನು ಲೋಕವೆಲ್ಲ ಮೈಸೂರಿಗೆ ಬರುವ ಹತ್ತು ದಿನ ನೀವು ಮೈಸೂರು ಬಿಟ್ಟು ಹೊರಡುವುದು ನಿಮ್ಮಜ್ಜಿಗೆ ಹಿಡಿಸಿಲ್ಲ. ಆ ವಿಷಯ ನೀನೇ ಅವಳ ಹತ್ತಿರ ಮಾತಾಡಿಕೋ, ನನ್ನನ್ನು ಮಧ್ಯೆ ಎಳೆಯಬೇಡ.

ತಿಂಗಳು ಗೊತ್ತಾದ ಮೇಲೆ ಯಾರು ಯಾರು ಬರುತ್ತಾರೆ ಅನ್ನುವುದು. ಅಮ್ಮನೂ ಬರುತ್ತಾಳೆ ಅಂದಿದ್ದೀಯ. ಸಂತೋಷ. ಆದರೆ ಅವಳ ಮೊಣಕಾಲು ನಮ್ಮ ಮನೆ ಮಹಡಿ ಮೆಟ್ಟಿಲಿಗೇ ತಕರಾರು ಮಾಡುತ್ತದೆ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಒಂದು ರಾತ್ರಿ ಪ್ರಯಾಣ. ಹಲವು ದ್ವೀಪಗಳಲ್ಲಿ ಹಡಗು ಹವಳದ ಗೋಡೆಯ ಹೊರಗೇ ನಿಂತುಬಿಡುತ್ತದೆ. ಒಳಗೆ ಆಳ ಸಾಲದು. ಏಳುತ್ತ ಬೀಳುತ್ತ ಇರುವ ಸಣ್ಣ ದೋಣಿಗೆ ಹಡಗಿನ ಪಕ್ಕದಿಂದ ಇಳಿಯಬೇಕು. ನಿಮಗೆ ಅದು ಮೋಜು, ಅಮ್ಮನಿಗೆ ಶಿಕ್ಷೆ. ವಿಮಾನದಲ್ಲಿ ಅಗತ್ತಿಗೆ ಹೋಗಬಹುದು, ಆದರೆ ಅಲ್ಲಿಂದ ಬೇರೆ ದ್ವೀಪಕ್ಕೆ ಮತ್ತೆ ದೋಣಿಯೇ. ಜೊತೆಗೆ ಪ್ರವೇಶ ಪರವಾನಗಿ ಬೇಕು, ತಿಂಗಳುಗಟ್ಟಲೆ ಮುಂಚೆ ಯೋಚಿಸಬೇಕು. 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ, ಎಲ್ಲ ಸೇರಿಸಿದರೂ 32 ಚದರ ಕಿಲೋಮೀಟರ್ ನೆಲ. ಮದ್ಯ ನಿಷೇಧವಿದೆ, ಪ್ರವಾಸಿಗರ ಬಂಗಾರಂ ಮಾತ್ರ ಹೊರತು. ನಿಮ್ಮಲ್ಲಿ ಯಾರಿಗಾದರೂ ಅದು ಮುಖ್ಯವಾದರೆ ಈಗಲೇ ಮಾತಾಡಿಕೊಳ್ಳಿ, ನನಗೆ ಹೇಳಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ಲಕ್ಷದ್ವೀಪ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮಗೂ ಅದಕ್ಕೂ ಒಂದು ಹಳೆಯ ನಂಟಿದೆ, ಮೈಸೂರಿನವರಿಗೇ ಅದು ಮರೆತುಹೋಗಿದೆ. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತ ತಾಳಲಾರದೆ ಅಮಿನಿ ದ್ವೀಪದವರು ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಕೇಳಿದರು. 1787ರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ಇಷ್ಟೂ ಅವನ ಕೈಗೆ ಬಂದವು. ಕಾವೇರಿ ನಡುವಿನ ದ್ವೀಪವಾದ ಶ್ರೀರಂಗಪಟ್ಟಣದಲ್ಲಿ ಕೂತವನು ಅರಬ್ಬಿ ಸಮುದ್ರದ ದ್ವೀಪಗಳನ್ನು ಹನ್ನೆರಡು ವರ್ಷ ಆಳಿದ. 1799ರಲ್ಲಿ ಅವನು ಬಿದ್ದ ಮೇಲೆ ಅವು ಕಂಪನಿಗೆ ಹೋಗಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೂ ಉಳಿದಿದ್ದವು. ಅಲ್ಲಿನವರ ತೆಂಗಿನ ನಾರಿನ ಹುರಿ ಬಂದಿಳಿಯುತ್ತಿದ್ದದ್ದು ಮಂಗಳೂರಿನ ಬಂದರಿಗೆ, ಅಕ್ಕಿ ಹೋಗುತ್ತಿದ್ದದ್ದು ಅಲ್ಲಿಂದ. ಅಮ್ಮನನ್ನು ಬಿಟ್ಟು ನೀವು ನೀವೇ ಹೊರಡುವ ವರ್ಷ ಬರುತ್ತದಲ್ಲ, ಆಗ ಕಡಮತ್‌ಗೆ ಹೋಗಿ.

ಮಾಲ್ಡೀವ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮಾರು 1,200 ದ್ವೀಪಗಳ ದೇಶ, ನೆಲ ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರ್ ಎತ್ತರ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟು, ಹೋದವರು ಅದರೊಳಗೇ ಇದ್ದು ಬರುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಸರಿ. ನಾಲ್ಕು ಜನ ಗೆಳತಿಯರು, ಒಬ್ಬ ಅಮ್ಮ ಹೋಗಿ ಮೂರನೇ ದಿನ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತೀರಿ. ಹೋಗಿಯೇ ತೀರುವುದಾದರೆ ಒಂದು ಮಾತು. ರೂಮಿನ ಬಾಡಿಗೆ ಬೇರೆ, ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ಹೋಗುವ ಖರ್ಚು ಬೇರೆ. ಸೀಪ್ಲೇನು ಹಗಲಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯಲ್ಲೇ ಇನ್ನೊಂದು ರೂಮು ಹಿಡಿಯಬೇಕು.

ನಿನ್ನ ಪಟ್ಟಿಯಲ್ಲಿ ಇಲ್ಲದ ದ್ವೀಪಗಳ ಬಗ್ಗೆ ಹೇಳುತ್ತೇನೆ, ತಾಳ್ಮೆಯಿಂದ ಓದು. ನಿಮ್ಮ ಐದು ಜನರಲ್ಲಿ ಯಾರಿಗೆ ದೋಣಿಯಲ್ಲಿ ವಾಂತಿ ಬರುತ್ತದೆ, ಯಾರಿಗೆ ಬಿಸಿಲಿಗೆ ತಲೆಶೂಲೆ, ಯಾರಿಗೆ ನೀರು ಕಂಡರೆ ಭಯ, ನಿಮಗೇ ಗೊತ್ತಿಲ್ಲ. ಅದನ್ನು ತಿಳಿಯಲು ಲಕ್ಷಗಟ್ಟಲೆ ಖರ್ಚು ಬೇಡ. ಇಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಉಡುಪಿ. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಸೇಂಟ್ ಮೇರೀಸ್, ಅಲ್ಲಿಯವರ ಬಾಯಲ್ಲಿ ತೋನ್ಸೆಪಾರ್. ಅಲ್ಲಿ ಕಲ್ಲುಗಳು ಕಡೆದು ನಿಲ್ಲಿಸಿದ ಕಂಬಗಳಂತಿವೆ, ಬಹಳಷ್ಟಕ್ಕೆ ಆರು ಮುಖ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಂಡ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಹೀಗೆ ಸೀಳಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಮ್ಮಲ್ಲಿ ಕಾರಂಜಿ ಕೆರೆ ದಂಡೆಯ ನಿಸರ್ಗ ಇತಿಹಾಸದ ಮ್ಯೂಸಿಯಮ್ಮಿಗೆ ಸ್ಕೂಲಿನಿಂದ ಸಾಲಾಗಿ ಹೋಗಿದ್ದೀರಲ್ಲ, ಅಲ್ಲಿ ಗಾಜಿನ ಹಿಂದೆ ಓದಿದ್ದನ್ನು ಇಲ್ಲಿ ಕೈಯಲ್ಲಿ ಮುಟ್ಟಬಹುದು. ಉಳಿಯಲು ಅವಕಾಶವಿಲ್ಲ, ಸಂಜೆಗೆ ವಾಪಸ್ಸು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಅಲ್ಲಿಂದ ಉತ್ತರಕ್ಕೆ ಮುರ್ಡೇಶ್ವರ. ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ, ಪಾರಿವಾಳದ ಗುಡ್ಡ ಅಂತಲೂ ಹೆಸರು. ಬೆಳ್ಳಗಿನ ಹೊಟ್ಟೆಯ ದೊಡ್ಡ ಕಡಲ ಹದ್ದು ಗೂಡು ಕಟ್ಟುವುದು ಅಲ್ಲಿ. ನೌಕಾಪಡೆಯವರು ಅದನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದೂ ಉಂಟು. ಅದು ನನಗೆ ಇಂದಿಗೂ ಅರಗಿಲ್ಲ. ಸ್ಕೂಬಾ ಮಾಡಲು ಈ ರಾಜ್ಯದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ; ಡಿಸೆಂಬರಿನಲ್ಲಿ ನೀರು ತಿಳಿಯಾಗಿರುತ್ತದೆ. ದಡದಿಂದ ಒಂದೂವರೆ ಗಂಟೆಯ ದೋಣಿ. ಆ ಒಂದೂವರೆ ಗಂಟೆ ನಿಮಗೆ ನಿಮ್ಮ ಗುಂಪಿನ ಜಾತಕ ಬರೆದುಕೊಡುತ್ತದೆ.

ಕಾರವಾರದ ಎದುರಿನ ಕೂರ್ಮಗಡಕ್ಕೆ ಪುಷ್ಯ ಹುಣ್ಣಿಮೆಯಲ್ಲಿ ನರಸಿಂಹನ ಜಾತ್ರೆಗೆ ಜನ ದೋಣಿಯಲ್ಲಿ ಹೋಗುತ್ತಾರೆ. ನಾನೂ ಹೋಗಿದ್ದೇನೆ, ಬಾಳೆಗೊನೆ ಹರಕೆ ಒಪ್ಪಿಸುವ ಜಾತ್ರೆ ಅದು. 2019ರ ಜನವರಿ 21ರಂದು ಅಲ್ಲಿಂದ ಮರಳುತ್ತಿದ್ದ ಒಂದು ದೋಣಿ ಮಗುಚಿ 16 ಜನ ಸತ್ತರು. ಚಂಡಮಾರುತ ಇರಲಿಲ್ಲ, ದಡ ಕಾಣುವಷ್ಟು ದೂರ. ದೋಣಿಯಲ್ಲಿ ಎಷ್ಟು ಜನ ಇದ್ದಾರೆ, ಲೈಫ್ ಜಾಕೆಟ್ ಎಷ್ಟಿವೆ ಅಂತ ಹತ್ತುವ ಮುಂಚೆ ಎಣಿಸು. ಕಡಿಮೆ ಇದ್ದರೆ ಇಳಿದುಬಿಡು, ಹಿಂದೆ ನಿಂತವರು ಗೊಣಗಲಿ. ಜಾಕೆಟ್ಟಿನ ಪಟ್ಟಿ ಬಿಗಿದು ಕಟ್ಟಿಕೋ. ಫೋಟೊಕ್ಕೆ ಚೆನ್ನಾಗಿ ಕಾಣುವುದಿಲ್ಲ ಅಂತ ಬಿಚ್ಚುವವರನ್ನು ಮಲ್ಪೆಯಲ್ಲಿ ಕಣ್ಣಾರೆ ನೋಡಿದ್ದೇನೆ.

ಅಂಡಮಾನಿಗೆ ಬರುತ್ತೇನೆ, ನನ್ನ ವೋಟು ಅದಕ್ಕೇ. ಹಡಗಿಗೆ ಜೆಟ್ಟಿ ಇದೆ, ಅಮ್ಮ ನಡೆದುಕೊಂಡೇ ಹತ್ತಬಹುದು. ಬೆಂಗಳೂರಿನಿಂದ ನೇರ ವಿಮಾನ. ಊರಿನ ಹೆಸರು ಬದಲಾಗಿದೆ, ಗಾಬರಿಯಾಗಬೇಡ: ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ, ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಸ್ವರಾಜ್ ದ್ವೀಪವೂ ಮೈಸೂರಿನ ನಮ್ಮ ಸಿದ್ಧಾರ್ಥನಗರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 12 ಡಿಗ್ರಿಯ ಆಸುಪಾಸು. ಆದರೆ ಅದು ಪೂರ್ವಕ್ಕೆ ಅಷ್ಟು ದೂರ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಸೂರ್ಯ ಇಲ್ಲಿಗಿಂತ ಒಂದು ಗಂಟೆ ಮೊದಲೇ ಹುಟ್ಟಿ, ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಮುಳುಗಿರುತ್ತಾನೆ. ನೀವು ಭಾನುವಾರದ ಹಾಗೆ ಒಂಬತ್ತಕ್ಕೆ ಎದ್ದು ಹತ್ತೂವರೆಗೆ ತಿಂಡಿ ತಿಂದರೆ ಅರ್ಧ ದಿನ ಆಗಲೇ ಹೋಗಿರುತ್ತದೆ.

ಸೆಲ್ಯುಲರ್ ಜೈಲಿಗೆ ಒಂದು ಹಗಲು ಪೂರ್ತಿ ಇಡಿ. 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಅಲ್ಲಿ ಸೆಲ್ಫಿ ಕಡಿಮೆ ಮಾಡಿ. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗೆ ಅಂತ ಏಜೆಂಟರು ಬೆಳಗಿನ ಜಾವ ಹೊರಡಿಸುವ ಪ್ರವಾಸವೊಂದಿದೆ. ಅದರ ರಸ್ತೆ ಜಾರವಾ ಬುಡಕಟ್ಟಿನ ಜನರ ಕಾಡಿನ ನಡುವೆ ಹೋಗುತ್ತದೆ. ಗಾಡಿ ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ ಅಂತ ಕಾನೂನಿದೆ. ಆದರೂ ಬಹಳ ಜನ ಹೋಗುವುದು ಅವರು ಕಾಣಿಸಿಕೊಂಡಾರು ಅನ್ನುವ ಆಸೆಗೇ. ಮನುಷ್ಯರನ್ನು ನೋಡಲು ಝೂಗೆ ಹೋದಂತೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಬಿಡಿ.

ಆರು ದಿನಕ್ಕೆ ಐದು ದ್ವೀಪ ತೋರಿಸುವ ಪ್ಯಾಕೇಜು ಬೇಡ. ದಿನಾ ಬೆಳಿಗ್ಗೆ ಬ್ಯಾಗು ಕಟ್ಟಿ, ಜೆಟ್ಟಿಯಲ್ಲಿ ಕ್ಯೂ ನಿಂತು, ಇನ್ನೊಂದು ರೂಮಿನಲ್ಲಿ ಬಿಚ್ಚುವುದಷ್ಟೇ ಆಗುತ್ತದೆ. ಕಡಲು ಒಂದು ದಿನ ಮುನಿದರೆ ಎಲ್ಲ ಬುಕಿಂಗೂ ಒಂದರ ಹಿಂದೆ ಒಂದು ಕೆಡುತ್ತವೆ. ಎರಡು ದ್ವೀಪ ಸಾಕು, ಕೊನೆಯ ರಾತ್ರಿ ವಿಮಾನ ನಿಲ್ದಾಣ ಇರುವ ಊರಿನಲ್ಲೇ. ಸ್ಕೂಬಾ ಮೊದಲ ದಿನಗಳಲ್ಲೇ ಮುಗಿಸಿ. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು, ಮೇಲೆ ಬಂದ ಮೇಲೆ 18 ಗಂಟೆ ವಿಮಾನ ಹತ್ತಬಾರದು. ಉಬ್ಬಸ ಇರುವವಳು, ನೆಗಡಿ ಹಿಡಿದವಳು ನೀರಿಗಿಳಿಯಬಾರದು. ಕೇಳಿದ ಫಾರಮ್ಮಿನಲ್ಲಿ ಸುಳ್ಳು ಬರೆಯಬಾರದು.

ಎಲ್ಲೇ ಹೋಗಿ, ಸ್ನಾನ ಚುಟುಕಾಗಿರಲಿ. ಹವಳದ ದ್ವೀಪಗಳಲ್ಲಿ ಸಿಹಿನೀರು ಅಂದರೆ ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತ ಮಳೆನೀರು. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಏರುತ್ತದೆ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಮಾಡುವ ಸ್ಥಾವರ ಹಾಕಬೇಕಾಯಿತು. ಕಾವೇರಿ ನೀರು ನಲ್ಲಿಗೆ ಬರುವ ಊರಿನವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಜ್ಜಿಗೆ ಶೋಕೇಸಿಗಿಡಲು ಹವಳದ ತುಂಡು ತರುತ್ತೇನೆ ಅಂದಿದ್ದೀಯಂತೆ, ತರಬೇಡ. ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸುತ್ತಾರೆ. ಹೋಗುವಾಗ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಟ್ಟುಕೊಳ್ಳಿ, ಅಮ್ಮನಿಗೆ ಬೇಕಾಗುತ್ತದೆ.

ನನ್ನ ತೀರ್ಮಾನ ಇಷ್ಟು. ದಸರೆಗೆ ಮನೆಯಲ್ಲಿರಿ. ಡಿಸೆಂಬರಿನಲ್ಲಿ ಒಂದು ವಾರಾಂತ್ಯ ಮಲ್ಪೆ, ಮುರ್ಡೇಶ್ವರ. ಫೆಬ್ರವರಿಯಲ್ಲಿ ಅಂಡಮಾನ್, ಅದಕ್ಕೆ ರಜೆಯ ಅರ್ಜಿ ಈಗಲೇ ಕೊಡಿ. ಇನ್ನೂ ಒಂದು ಕೆಲಸ ಇದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ದಡದಲ್ಲೇ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಜನ ಶಾಲಾ ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ಹೋದರು. ನಮ್ಮಂಥ ಒಳನಾಡಿನವರಿಗೆ ಕಡಲಿನ ಸೆಳೆತ ಗೊತ್ತಾಗುವುದಿಲ್ಲ. ಈಜು ಬಂದರೆ ಕಡಲು ಗೆದ್ದಂತಲ್ಲ, ಆದರೆ ನೀರಿನಲ್ಲಿ ದಿಗಿಲು ಬೀಳದೆ ತೇಲಿಕೊಂಡಿರುವಷ್ಟಾದರೂ ಬರಬೇಕು. ಸರಸ್ವತೀಪುರಂನ ಈಜುಕೊಳ ನಿಮ್ಮ ಮನೆಯಿಂದ ದೂರವೇನಲ್ಲ. ಟಿಕೆಟ್ಟಿಗೆ ದುಡ್ಡು ಕಟ್ಟುವ ಮೊದಲು ನಾಲ್ಕೂ ಜನ ಅಲ್ಲಿಗೆ ಹೋಗಿ ಹೆಸರು ಬರೆಸಿ ಬನ್ನಿ.