ಅಡ್ವಾನ್ಸಿನ ದುಡ್ಡು ಎಲ್ಲಿಂದ ಬಂತು?

2014ರಲ್ಲಿ ಸಾಗರದ ಹತ್ತಿರದ ನಮ್ಮೂರು ಬಿಟ್ಟು ಬೆಂಗಳೂರಿಗೆ ಬಂದಾಗ ನಾನು ಹಿಡಿದ ಒಂದು ರೂಮಿನ ಮನೆಗೆ ಬಾಡಿಗೆ 9,000. ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್, 90,000. ಅಪ್ಪ ಬಂದು ಎಣಿಸಿ ಕೊಟ್ಟರು. ಎಲ್ಲಿಂದ ತಂದ್ರಿ ಅಂದರೆ, "ಅಡಿಕೆ ಮಾರಿದ್ದು ಇತ್ತು" ಅಂದರು. ನಂಬಿದೆ.

ಎರಡು ವರ್ಷದ ಮೇಲೆ ಚಿಕ್ಕಮ್ಮನ ಮಗಳ ಮದುವೆಯಲ್ಲಿ ನೋಡಿದರೆ ಅಮ್ಮನ ಕೊರಳಲ್ಲಿ ಅವಲಕ್ಕಿ ಸರ ಇಲ್ಲ. ಅದು ಸೊಸೈಟಿಯಲ್ಲಿ ಅಡವಿತ್ತು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದರೆ 900. ಎರಡು ವರ್ಷಕ್ಕೆ 21,600. ಅಷ್ಟೂ ದಿನ ನನ್ನ ಉಳಿತಾಯ ಖಾತೆಯಲ್ಲಿ ದುಡ್ಡು ಶೇಕಡ 4ರ ಬಡ್ಡಿಗೆ ಸುಮ್ಮನೆ ಬಿದ್ದಿತ್ತು, ಅವರು 12 ಕಟ್ಟುತ್ತಿದ್ದರು. ಕಳಿಸಲಾ ಎಂದು ಕೇಳಿದಾಗಲೆಲ್ಲ ಅಮ್ಮನದು ಒಂದೇ ಮಾತು: "ಬೇಡ ಪುಟ್ಟಿ, ನಿಂಗೇ ಖರ್ಚಿರತ್ತೆ."

ದುಡ್ಡು ಬೇಕಾ ಎಂದು ಮಕ್ಕಳು ಕೇಳಿದರೆ ಹೆತ್ತವರು ಬೇಕು ಅನ್ನುವುದಿಲ್ಲ. ಲೆಕ್ಕವನ್ನೇ ಕೇಳಬೇಕು. ಆ ವಾರವೇ ಸರ ಬಿಡಿಸಿ, ಮೂವರೂ ಜಗುಲಿಯಲ್ಲಿ ನೋಟುಪುಸ್ತಕ ಹಿಡಿದು ಕೂತೆವು.

ಅಡಿಕೆ ಮನೆಗಳಲ್ಲಿ ದುಡ್ಡು ಬರುವುದು ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ ಮಂಡಿಗೆ ಹಾಕಿದ ಮೇಲೆ. ಖರ್ಚು ಮಾತ್ರ ಪ್ರತಿ ತಿಂಗಳದ್ದು: ಗ್ಯಾಸು, ಕರೆಂಟು, ಅಪ್ಪನ ಬಿಪಿ ಮಾತ್ರೆ. ಕೈ ಬರಿದಾಗುವುದು ಮಳೆಗಾಲದಲ್ಲಿ. ಅಪ್ಪನ ಇನ್ನೊಂದು ಹಳೇ ಪುಸ್ತಕವೂ ಹೊರಬಂತು, ಮುಯ್ಯಿಯದು. ಯಾರ ಮನೆ ಮದುವೆಗೆ ನಾವು ಎಷ್ಟು ಕೊಟ್ಟಿದ್ದು, ತಮ್ಮನ ಉಪನಯನಕ್ಕೆ ಅವರಿಂದ ಎಷ್ಟು ಬಂದಿದ್ದು, ಎಲ್ಲ ಅದರಲ್ಲಿತ್ತು. ನಾನು ಮೊದಲು ಕತ್ತರಿಸಹೊರಟಿದ್ದು ಅದನ್ನೇ. ಅಪ್ಪ ಮಾತು ನಿಲ್ಲಿಸಿದರು. ಅವರ ಮೌನ ನ್ಯಾಯವಾದದ್ದು. ಮುಯ್ಯಿಯೂ ತೀರಿಸಬೇಕಾದ ಸಾಲವೇ, ಮತ್ತು ಆ ಊರಲ್ಲಿ ನಾಲ್ಕು ಜನರ ನಡುವೆ ಬಾಳಬೇಕಾದವರು ಅವರು. ವರ್ಷಕ್ಕೆ 15,000 ಅದಕ್ಕೆಂದೇ ಬರೆದಿಟ್ಟೆವು.

ಅಂದಿನಿಂದ ಪ್ರತಿ ತಿಂಗಳು 3ನೇ ತಾರೀಕು 8,000 ತಾನಾಗಿಯೇ ಅಮ್ಮನ ಖಾತೆಗೆ ಹೋಗುತ್ತದೆ. ಅಮ್ಮನ ಖಾತೆಗೇ ಬೇಕು ಎಂದು ನಾನು ಹಟ ಹಿಡಿದೆ. ಒಂದು ಸೀರೆಗೆ ಅವಳು ಅಪ್ಪನ ಮುಖ ನೋಡುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ಅಪ್ಪನಿಗೆ 60 ದಾಟಿದ ಮೇಲೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮೂರು ಲಕ್ಷ ಇಟ್ಟೆವು, ಅಮ್ಮನನ್ನೂ ಸೇರಿಸಿ ಜಂಟಿಯಾಗಿ. ಶೇಕಡ 8.2ರಂತೆ ಮೂರು ತಿಂಗಳಿಗೊಮ್ಮೆ 6,150 ಬರುತ್ತದೆ. ಮಳೆಗಾಲದ ಕಂತು ಬಂದ ದಿನ ಅಪ್ಪ ಫೋನು ಮಾಡಿ ಹೇಳುತ್ತಾರೆ.

ಕಳೆದ ಯುಗಾದಿಗೆ ಪುಸ್ತಕ ತೆಗೆದಾಗ ಅಮ್ಮ ತಾನಾಗಿಯೇ ಅಂದಳು: "ಈ ಸಲ ಅಡಿಕೆ ರೇಟು ಚೆನ್ನಾಗಿ ಸಿಕ್ಕಿದೆ. ಮೂರು ತಿಂಗಳು ಆರು ಸಾವಿರ ಹಾಕು, ಸಾಕು. ಆಷಾಢಕ್ಕೆ ಮತ್ತೆ ಎಂಟು ಬೇಕು."