ದೂರದಾರಿಯ ಲಾರಿ ಚಾಲಕನಿಗೆ ಆರೋಗ್ಯದ ಮೊದಲ ಪಾಠ

ಪುಣೆಯ ಬಾಳು ಲಾರಿಗಳ ಗಾಲಿಯ ಮೇಲೆ ನಡೆಯುತ್ತದೆಂದರೆ ಅತಿಶಯೋಕ್ತಿಯಾಗಲಾರದು. ಚಾಕಣ, ಭೋಸರಿ, ಪಿಂಪರಿ-ಚಿಂಚವಡಗಳ ಕಾರ್ಖಾನೆಗಳಲ್ಲಿ ಸಿದ್ಧವಾದ ಯಂತ್ರಭಾಗಗಳು ದೇಶದ ಮೂಲೆಮೂಲೆಗೆ ಹೋಗುವುದೂ, ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಧಾನ್ಯ, ತರಕಾರಿಗಳು ಬಂದಿಳಿಯುವುದೂ ಲಾರಿಗಳಿಂದಲೇ. ವಿಜಯಪುರ, ಬಾಗಲಕೋಟೆ, ಕಲಬುರಗಿ ಮೊದಲಾದ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರ ಮಕ್ಕಳಲ್ಲಿಯೂ ಕೆಲವರು ಈ ಉದ್ಯೋಗದತ್ತ ಒಲಿಯುವುದುಂಟು. ಇದೇನೂ ಕೀಳಾದ ವೃತ್ತಿಯಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಒಂದು ಲಾರಿಯಿಂದ ಆರಂಭಿಸಿದ ವ್ಯವಹಾರವು ದೇಶದ ದೊಡ್ಡ ಸರಕು ಸಾಗಣೆ ಸಂಸ್ಥೆಗಳಲ್ಲೊಂದಾಗಿ ಬೆಳೆದುದನ್ನು ಕನ್ನಡಿಗರೆಲ್ಲರೂ ಬಲ್ಲರು.

ಹೊಸದಾಗಿ ಈ ವೃತ್ತಿಗೆ ಕಾಲಿಡುವ ತರುಣನು ಗೇರು, ಬ್ರೇಕು, ಟೈರುಗಳ ವಿಚಾರವನ್ನು ಶ್ರದ್ಧೆಯಿಂದ ಕಲಿಯುತ್ತಾನೆ. ಆದರೆ ಲಾರಿಯಲ್ಲಿರುವ ಅತಿ ಸೂಕ್ಷ್ಮವಾದ ಯಂತ್ರವೆಂದರೆ ಅವನ ದೇಹವೇ. ಅದಕ್ಕೆ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವುದಿಲ್ಲ. ಮೊದಲ ವರ್ಷದಲ್ಲಿ ಬೆಳೆದ ಅಭ್ಯಾಸಗಳೇ ಮುಂದಿನ ಮೂವತ್ತು ವರ್ಷ ಉಳಿಯುವ ಸಂಭವವಿರುವುದರಿಂದ, ಆರಂಭದಲ್ಲಿಯೇ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಪರವಾನಿಗೆ ಮತ್ತು ದೇಹಪರೀಕ್ಷೆ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸಾರಿಗೆ ವಾಹನವನ್ನು ನಡೆಸಲು 20 ವರ್ಷ ತುಂಬಿರಬೇಕು. ಅದಕ್ಕೆ ಮುನ್ನ ಕನಿಷ್ಠ ಒಂದು ವರ್ಷ ಲಘು ವಾಹನದ ಪರವಾನಿಗೆಯನ್ನು ಹೊಂದಿರಬೇಕು. ಎಂಟನೆಯ ತರಗತಿ ಓದಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಯಿತು. ಆದರೆ ವೈದ್ಯರ ಪ್ರಮಾಣಪತ್ರ ತಪ್ಪಿದ್ದಲ್ಲ. ನಮೂನೆ 1-ಎ ಎಂಬ ಆ ಪತ್ರದಲ್ಲಿ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರು ಕಾಣುವುದೇ, ಕೆಂಪು-ಹಸಿರು ಬಣ್ಣಗಳ ಭೇದ ತಿಳಿಯುವುದೇ, ಇರುಳುಗಣ್ಣು ಉಂಟೇ, ಕಿವಿ ಸರಿಯಾಗಿ ಕೇಳಿಸುವುದೇ ಎಂಬ ಪ್ರಶ್ನೆಗಳಿವೆ.

ಇದನ್ನು ಸಹಿ ಹಾಕಿಸಿಕೊಳ್ಳುವ ಕಾಗದವೆಂದು ಭಾವಿಸುವುದು ದೊಡ್ಡ ತಪ್ಪು. ಅದೇ ಭೇಟಿಯಲ್ಲಿ ರಕ್ತದೊತ್ತಡ, ರಕ್ತದ ಸಕ್ಕರೆ, ತೂಕ, ಸೊಂಟದ ಸುತ್ತಳತೆಗಳನ್ನು ಅಳೆಯಿಸಿ ಬರೆದಿಡುವುದು ಜಾಣತನ. ಐದು ವರ್ಷದ ನಂತರ ದೇಹ ಎಷ್ಟು ಕೆಟ್ಟಿದೆ, ಎಷ್ಟು ಉಳಿದಿದೆ ಎಂಬುದನ್ನು ತಿಳಿಯಲು ಆ ಮೊದಲ ಅಂಕಿಗಳೇ ಅಳತೆಗೋಲು. ಪುಣೆಯಲ್ಲಿ ಭೋಸರಿಯ ಬಳಿ 1967ರಲ್ಲಿ ಸ್ಥಾಪಿತವಾದ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಯಿದ್ದು, ಅಲ್ಲಿ ಚಾಲಕರಿಗೆ ತರಬೇತಿಯೂ ನಡೆಯುತ್ತದೆ. ರಸ್ತೆಯಲ್ಲಿ ನೋಡಿ ಕಲಿತದ್ದಕ್ಕೆ ಇಂಥ ಶಿಸ್ತಿನ ಶಿಕ್ಷಣ ಸೇರಿದರೆ ಬಂಗಾರಕ್ಕೆ ಪುಟವಿಟ್ಟಂತೆ.

ಕ್ಲೀನರನು ಚಾಲಕನಾದಾಗ

ನಮ್ಮ ದೇಶದಲ್ಲಿ ಅನೇಕರು ಕ್ಲೀನರರಾಗಿ ಸೇರಿ, ಉಸ್ತಾದನ ಕೈಕೆಳಗೆ ಪಳಗಿ, ಬಳಿಕ ಚಾಲಕರಾಗುತ್ತಾರೆ. ಕ್ಲೀನರನು ದಿನವಿಡೀ ಹತ್ತಿ ಇಳಿಯುತ್ತಾನೆ, ಹಗ್ಗ ಬಿಗಿಯುತ್ತಾನೆ, ತಾಡಪತ್ರಿ ಹೊದಿಸುತ್ತಾನೆ, ಗಾಲಿ ಬಿಚ್ಚುತ್ತಾನೆ. ಸ್ಟಿಯರಿಂಗ್ ಕೈಗೆ ಬಂದ ದಿನ ಅವನ ಸಂಬಳ ಏರುತ್ತದೆ, ವ್ಯಾಯಾಮ ನಿಲ್ಲುತ್ತದೆ. ಊಟ ಮಾತ್ರ ಹಿಂದಿನಷ್ಟೇ ಉಳಿಯುತ್ತದೆ.

ಇದರ ಪರಿಣಾಮವೇನೆಂಬುದನ್ನು ಲಂಡನ್ನಿನ ವೈದ್ಯ ಜೆರ‍್ರಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿಯೇ ತೋರಿಸಿಕೊಟ್ಟರು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ಕುಳಿತೇ ಇರುತ್ತಿದ್ದ. ಕಂಡಕ್ಟರನು ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸು, ಒಂದೇ ಊರು. ಆದರೂ ಹೃದ್ರೋಗವು ಚಾಲಕರಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಆದುದರಿಂದ ಹೊಸ ಚಾಲಕನು ಪ್ರತಿ ನಿಲುಗಡೆಯಲ್ಲಿಯೂ ಲಾರಿಯ ಸುತ್ತ ನಡೆದು ಟೈರು, ಹಗ್ಗ, ದೀಪಗಳನ್ನು ತಾನೇ ಪರೀಕ್ಷಿಸುವ ರೂಢಿಯನ್ನು ಬಿಡಬಾರದು. ಹತ್ತು ನಿಮಿಷದ ಈ ನಡಿಗೆ ಲಾರಿಗೂ ಹಿತ, ಹೃದಯಕ್ಕೂ ಹಿತ.

ನಿದ್ರೆಯ ಲೆಕ್ಕ

ಈ ಪಾಠದಲ್ಲಿ ಒಂದನ್ನು ಮಾತ್ರ ನೆನಪಿಡಬೇಕೆಂದರೆ ಅದು ನಿದ್ರೆ. ಪುಣೆಯಿಂದ ಸಾತಾರಾ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳ ಮೂಲಕ ಬೆಂಗಳೂರಿಗೆ ಸುಮಾರು 840 ಕಿಲೋಮೀಟರ್. ತುಂಬಿದ ಲಾರಿಯು ಗಂಟೆಗೆ ಸರಾಸರಿ 45 ಕಿಲೋಮೀಟರ್ ಸಾಗಿದರೂ ಇದು ಹತ್ತಿರ ಹತ್ತಿರ 19 ಗಂಟೆಗಳ ಚಾಲನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಗೆ ಮೀರದಂತೆ ಅರ್ಧ ಗಂಟೆ ವಿಶ್ರಾಂತಿ, ಎರಡು ದಿನಗಳ ಕೆಲಸದ ನಡುವೆ 9 ಗಂಟೆಗಳ ಬಿಡುವು ಎಂದು ಗೊತ್ತುಮಾಡಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯಿದೆ ವಿಲೀನವಾಗಿದ್ದರೂ ದಿನಕ್ಕೆ 8 ಗಂಟೆಯ ಮಿತಿ ಅದರಲ್ಲಿಯೂ ಉಂಟು. ಈ ಲೆಕ್ಕದಲ್ಲಿ ಪುಣೆ-ಬೆಂಗಳೂರು ಪ್ರಯಾಣಕ್ಕೆ ಒಬ್ಬ ಚಾಲಕನಿಗೆ ಎರಡು ದಿನಕ್ಕೂ ಹೆಚ್ಚು ಬೇಕು. ಇಲ್ಲವೇ ಇಬ್ಬರು ಚಾಲಕರು ಬೇಕು. “ನಾಳೆ ಬೆಳಗಾಗುವುದರೊಳಗೆ ಮಾಲು ಮುಟ್ಟಬೇಕು” ಎಂದು ಒಬ್ಬನನ್ನೇ ಅಟ್ಟುವುದೆಂದರೆ ಅವನ ನಿದ್ರೆಯನ್ನು ಕದ್ದಂತೆಯೇ ಸರಿ.

ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕುತನವು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿರುವವನ ಮಟ್ಟಕ್ಕೆ ಇಳಿಯಬಹುದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ನಮ್ಮ ಕಾನೂನಿನಲ್ಲಿ ಚಾಲಕನಿಗೆ ವಿಧಿಸಿದ ಮಿತಿ 30 ಮಿಲಿಗ್ರಾಂ. ಹನಿ ಮದ್ಯವನ್ನೂ ಮುಟ್ಟದ ಸದ್ಗೃಹಸ್ಥನು ನಿದ್ರೆಗೆಟ್ಟು, ಕುಡಿದವನಿಗೆ ಸಮನಾಗಿ ಲಾರಿ ನಡೆಸುತ್ತಿರಬಹುದು. ಅವನನ್ನು ಹಿಡಿದು ನಿಲ್ಲಿಸುವ ಯಂತ್ರ ಪೊಲೀಸರ ಬಳಿ ಇಲ್ಲ.

ನಿದ್ರೆಗೆಟ್ಟವನ ಮೆದುಳು ಕಣ್ಣು ತೆರೆದಿದ್ದರೂ ಕೆಲವು ಕ್ಷಣ ನಿದ್ರಿಸುವುದುಂಟು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲಾರಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿನ ತೂಕಡಿಕೆಯೆಂದರೆ 67 ಮೀಟರ್ ದೂರ ಸಾರಥಿಯಿಲ್ಲದ ರಥ. ರಾತ್ರಿ ಎರಡರಿಂದ ಬೆಳಗಿನ ಐದು ಗಂಟೆಯವರೆಗೆ ದೇಹದ ಸಹಜ ಗಡಿಯಾರವೇ ನಿದ್ರೆಯನ್ನು ಬೇಡುವುದರಿಂದ ಆ ಹೊತ್ತು ಎಲ್ಲಕ್ಕಿಂತ ಅಪಾಯಕರ. ಮೇಲಿಂದ ಮೇಲೆ ಆಕಳಿಕೆ, ಕಳೆದ ಎರಡು ಮೈಲಿಗಲ್ಲು ನೆನಪಾಗದಿರುವುದು, ಲಾರಿ ಅಂಚಿಗೆ ಸರಿಯುವುದು: ಇವು ಕಂಡರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಲೇಬೇಕು. ಕಿಟಕಿ ತೆರೆಯುವುದು, ಹಾಡು ಹಾಕುವುದು ನಿದ್ರೆಗೆ ಮದ್ದಲ್ಲ. ಒಂದು ಲೋಟ ಚಹಾ ಕುಡಿದು, ಇಪ್ಪತ್ತು ನಿಮಿಷ ಮಲಗಿ, ಎದ್ದು ಹತ್ತು ನಿಮಿಷ ಓಡಾಡಿದರೆ ತಾತ್ಕಾಲಿಕ ಉಪಶಮನ ದೊರೆಯುತ್ತದೆ. ಆದರೆ ಇದು ಸಾಲ. ಏಳೆಂಟು ಗಂಟೆಗಳ ನಿದ್ರೆಯಿಂದಲೇ ಅದನ್ನು ತೀರಿಸಬೇಕು.

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಸೊಗಸಾಗಿದೆ. ಆದರೆ ಲಾರಿ ಚಾಲಕನಿಗೆ ಸಂತೆಯೂ ಉಂಟು, ಚಿಂತೆಯೂ ಉಂಟು. ಕಪ್ಪು ಪರದೆ, ಕಿವಿಗೆ ಹತ್ತಿ, ಸೊಳ್ಳೆಗೆ ತಡೆ ಇವುಗಳನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ; ಹಳೆಯ ಲಾರಿಗಳಲ್ಲಿ ಬೇಸಗೆಯ ಬಿಸಿ ಹಾಗೆಯೇ ಇದೆ. ಮಲಗಿದಾಗ ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗುವವರು, ಎಷ್ಟು ಮಲಗಿದರೂ ಹಗಲು ತೂಕಡಿಸುವವರು ವೈದ್ಯರನ್ನು ಕಾಣಬೇಕು. ಅದು ಸೋಮಾರಿತನವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ.

ಕಾತ್ರಜದ ಇಳಿಜಾರು

ಬೆಂಗಳೂರಿನಿಂದ ಮರಳುವ ಲಾರಿಗೆ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ದೀರ್ಘ ಇಳಿಜಾರು ಪ್ರಯಾಣದ ಕೊನೆಯಲ್ಲಿ ಬರುತ್ತದೆ. ದೇಹ ಪೂರ್ಣ ದಣಿದಿರುತ್ತದೆ, ಮನಸ್ಸು ಮನೆ ತಲಪಿಬಿಟ್ಟಿರುತ್ತದೆ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ತಪ್ಪುತ್ತದೆ. ಇಂಜಿನ್ ನಿಲ್ಲಿಸಿದರೆ ಬ್ರೇಕಿಗೆ ಗಾಳಿ ತುಂಬುವ ಯಂತ್ರವೂ ನಿಲ್ಲುತ್ತದೆ. 2022ರ ನವೆಂಬರ್ 20ರ ರಾತ್ರಿ ಈ ಭಾಗದಲ್ಲಿ ಹತೋಟಿ ತಪ್ಪಿದ ಒಂದೇ ಭಾರಿ ವಾಹನದಿಂದ ಹತ್ತಾರು ವಾಹನಗಳು ಜಖಂಗೊಂಡವು. ಇಳಿಜಾರಿಗೆ ಮುನ್ನವೇ ಕೆಳಗಿನ ಗೇರಿಗೆ ಬರುವುದು ಯಂತ್ರದ ನಿಯಮ. ಅದಕ್ಕೂ ಮೊದಲು ಒಂದು ಕಡೆ ನಿಂತು ದಣಿವಾರಿಸಿಕೊಳ್ಳುವುದು ದೇಹದ ನಿಯಮ.

ಊಟ ಮತ್ತು ನೀರು

‘ಊಟ ಬಲ್ಲವನಿಗೆ ರೋಗವಿಲ್ಲ.’ ಧಾಬಾದ ಎಣ್ಣೆ ತೇಲುವ ಪಲ್ಯ, ಸಾಲು ಸಾಲು ಪರೋಟ, ಮೇಲೊಂದು ಸಿಹಿ ಚಹಾ ಹೊಟ್ಟೆಗೆ ಬಿದ್ದರೆ ಅರ್ಧ ಗಂಟೆಯಲ್ಲಿ ರೆಪ್ಪೆ ಭಾರವಾಗುತ್ತದೆ. ಈ ವಿಷಯದಲ್ಲಿ ಉತ್ತರ ಕರ್ನಾಟಕದ ಮನೆಯ ಬುತ್ತಿಗೆ ಸಮನಾದುದು ಬೇರೊಂದಿಲ್ಲ. ಒಣಗಿಸಿದ ಕಟಕಟಿ ಜೋಳದ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ; ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳೂ ಹಾಗೆಯೇ. ದಾರಿಯಲ್ಲಿ ಮೊಸರು, ಸೌತೆಕಾಯಿ, ಬಾಳೆಹಣ್ಣು ಕೊಂಡರೆ ಊಟ ಪೂರ್ಣವಾಯಿತು. ರಾತ್ರಿ ಗಾಡಿ ನಡೆಸಬೇಕಾದಾಗ ಅರ್ಧ ಹೊಟ್ಟೆ ಉಣ್ಣುವುದು ಲೇಸು.

ನಿಲ್ಲಿಸಲು ಸ್ಥಳವಿಲ್ಲವೆಂದು ನೀರು ಕುಡಿಯದಿರುವುದು, ಮೂತ್ರವನ್ನು ತಡೆಹಿಡಿಯುವುದು ಇವೆರಡೂ ಕೆಟ್ಟ ರೂಢಿಗಳು. ಇದರಿಂದ ಮೂತ್ರಪಿಂಡದಲ್ಲಿ ಹರಳು, ಮೂತ್ರನಾಳದಲ್ಲಿ ಸೋಂಕು ಉಂಟಾಗಬಹುದು. ಮೂತ್ರದ ಬಣ್ಣ ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಬೇಕು.

ಬೆನ್ನು ಮತ್ತು ಚರ್ಮ

ಲಾರಿಯ ಕುಲುಕಾಟವು ಬೆನ್ನುಮೂಳೆಯ ಮೆತ್ತೆಗಳನ್ನು ಸವೆಸುತ್ತದೆ. ಆಸನವನ್ನು ಮೊಣಕಾಲು ತುಸು ಬಾಗಿರುವಂತೆ ಮುಂದಕ್ಕೆಳೆದು, ನಡುವಿನ ಹಿಂದೆ ಮಡಿಸಿದ ಟವೆಲನ್ನು ಇಟ್ಟುಕೊಳ್ಳಬೇಕು. ಗಂಟೆಗಟ್ಟಲೆ ಕುಳಿತು ಇಳಿದೊಡನೆ ಭಾರ ಎತ್ತಬಾರದು. ಕಿಟಕಿಯ ಗಾಜಿನ ಮೂಲಕವೂ ಸೂರ್ಯಕಿರಣದ ಒಂದು ಅಂಶ ಒಳಬರುತ್ತದೆ: 28 ವರ್ಷ ಲಾರಿ ನಡೆಸಿದ ಒಬ್ಬನ ಮುಖವು ಕಿಟಕಿಯ ಕಡೆಯ ಅರ್ಧದಲ್ಲಿ ಮಾತ್ರ ಆಳವಾಗಿ ಸುಕ್ಕುಗಟ್ಟಿದ ಚಿತ್ರವನ್ನು 2012ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಪ್ರಕಟಿಸಿತು. ನಮ್ಮಲ್ಲಿ ಬಿಸಿಲು ತಾಗುವುದು ಬಲಗೈ, ಬಲಗೆನ್ನೆಗೆ. ತುಂಬುತೋಳಿನ ಹತ್ತಿಯ ಅಂಗಿ ಸುಲಭ ರಕ್ಷಣೆ.

ಚಟ ಮತ್ತು ಸೋಂಕು

ಎಚ್ಚರವಿರಲೆಂದು ಆರಂಭವಾದ ತಂಬಾಕು, ಗುಟಖಾಗಳು ನಿದ್ರೆಯನ್ನು ಗೆಲ್ಲುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತವೆ. ಯಾರಾದರೂ ನಿದ್ದೆ ಓಡಿಸುವ ಗುಳಿಗೆ ಕೊಟ್ಟರೆ ಮುಟ್ಟಲೇಬಾರದು. ಅದರ ಬಲ ಇಳಿದೊಡನೆ ನಿದ್ರೆ ಒಮ್ಮೆಲೇ ಮೇಲೆರಗುತ್ತದೆ.

ವಾರಗಟ್ಟಲೆ ಮನೆಯಿಂದ ದೂರವಿರುವವರಿಗೆ ಏಡ್ಸ್ ರೋಗದ ವಿಚಾರವನ್ನೂ ಸಂಕೋಚವಿಲ್ಲದೆ ತಿಳಿಸಬೇಕು. ಈ ರೋಗದ ಸಂಶೋಧನೆಗಾಗಿಯೇ 1992ರಲ್ಲಿ ಭೋಸರಿಯಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪಿತವಾಯಿತು. ಸಂಯಮ ಅಥವಾ ತಪ್ಪದೆ ನಿರೋಧ್ ಬಳಕೆ ರಕ್ಷಣೆಯ ಮಾರ್ಗ. ಸರಕಾರಿ ಕೇಂದ್ರಗಳಲ್ಲಿ ರಕ್ತಪರೀಕ್ಷೆ ಉಚಿತ ಮತ್ತು ಗುಪ್ತ. ಔಷಧವೂ 2004ರಿಂದ ಉಚಿತ. ಬೇಗ ತಿಳಿದು ನಿತ್ಯ ಔಷಧ ಸೇವಿಸುವವನು ಎಲ್ಲರಂತೆ ದುಡಿದು ಬಾಳಬಲ್ಲನು.

ಮನೆಯವರ ಮತ್ತು ಮಾಲೀಕರ ಹೊಣೆ

ದೂರದಾರಿಯಿಂದ ಬಂದ ಚಾಲಕನಿಗೆ ಮನೆಯವರು ಮಾಡಬೇಕಾದ ಮೊದಲ ಉಪಚಾರವೆಂದರೆ ನಿದ್ರೆ ಮಾಡಲು ಬಿಡುವುದು. ಅವನು ಗಾಡಿ ನಡೆಸುವಾಗ ಮೇಲಿಂದ ಮೇಲೆ ಫೋನು ಮಾಡದೆ, ಅವನೇ ನಿಲ್ದಾಣದಿಂದ ಮಾತಾಡುವ ವೇಳೆಯೊಂದನ್ನು ಗೊತ್ತುಮಾಡಿಕೊಳ್ಳುವುದು ಹಿತಕರ. ಲಾರಿ ಮಾಲೀಕರಾದ ಕನ್ನಡ ಬಾಂಧವರು ಬಾಡಿಗೆಯ ಲೆಕ್ಕದಲ್ಲಿ ಡೀಸೆಲ್, ಟೋಲುಗಳೊಡನೆ ವಿಶ್ರಾಂತಿಯ ಗಂಟೆಗಳನ್ನೂ ಸೇರಿಸಬೇಕು. ದಣಿದ ಚಾಲಕನು “ಇಂದು ರಾತ್ರಿ ಆಗದು” ಎಂದರೆ ಅದನ್ನು ಅವಿಧೇಯತೆಯೆಂದು ತಿಳಿಯದೆ, ಲಾರಿಯನ್ನೂ ಸರಕನ್ನೂ ಹಲವರ ಪ್ರಾಣವನ್ನೂ ಉಳಿಸಿದ ಮಾತೆಂದು ಮನ್ನಿಸಬೇಕು.

ಹೊಸ ಚಾಲಕನಿಗೆ ಹೀಗೆ ‘ಆಗದು’ ಎನ್ನುವುದು ಸುಲಭವಲ್ಲ. ಕೆಲಸ ಹೋದೀತೆಂಬ ಅಂಜಿಕೆ ಅವನಿಗಿರುತ್ತದೆ. ಆದರೆ ತಡವಾಗಿ ಮುಟ್ಟಿದ ಸರಕಿಗೆ ಮರುದಿನವೂ ಬೆಲೆಯುಂಟು. ಗೇರು ಬದಲಿಸುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲ ಪ್ರಯಾಣದಲ್ಲಿಯೇ ಕಲಿತವನು ಈ ವೃತ್ತಿಯಲ್ಲಿ ದೀರ್ಘಕಾಲ ಬಾಳುವನು.